ಒಂದು ಗಾಣದ ಎಣ್ಣೆ ವ್ಯಾಪಾರ: ಮೊದಲ ವರ್ಷ ಹುರುಪು ಕುಗ್ಗದಂತೆ ನೋಡಿಕೊಳ್ಳುವುದು ಹೇಗೆ?

ಹೊಸಗಾಣ_ತುಮಕೂರು

ಎಲ್ಲರಿಗೂ ನಮಸ್ಕಾರ. 3 ಎಚ್‌ಪಿ ಮೋಟರಿನ ಒಂದು ಮರದ ಗಾಣ ಹಾಕುವ ಸಿದ್ಧತೆ ನಡೆದಿದೆ. ಮುಖ್ಯವಾಗಿ ಶೇಂಗಾ ಎಣ್ಣೆ, ಹಬ್ಬದ ಹೊತ್ತಿಗೆ ಸ್ವಲ್ಪ ಎಳ್ಳು, ಕೊಬ್ಬರಿ. ಯಂತ್ರ ಎಲ್ಲಿ ಸಿಗುತ್ತದೆ, ಎಷ್ಟು ಬೆಲೆ ಅನ್ನುವ ಮಾಹಿತಿಗೆ ಬರವಿಲ್ಲ. ಯಾರೂ ಹೇಳದೆ ಬಿಡುವ ವಿಷಯ ಬೇರೆ. ಗಾಣದ ಪೂಜೆಯ ದಿನ ಇದ್ದ ಹುರುಪು ಆರೇಳು ತಿಂಗಳಲ್ಲಿ ಎಷ್ಟೋ ಕಡೆ ಇಳಿದುಹೋಗುತ್ತದೆ, ಯಂತ್ರಕ್ಕೆ ಗೋಣಿಚೀಲ ಹೊದಿಸಿ ಮೂಲೆಗೆ ತಳ್ಳುತ್ತಾರೆ. ಯಾಕೆ ಹೀಗಾಗುತ್ತದೆ? "ಧೈರ್ಯವಾಗಿರಿ, ದೊಡ್ಡ ಕನಸು ಕಾಣಿ" ಅನ್ನುವ ಮಾತು ಬೇಡ. ಏನೇನು ಕೈಕೊಡುತ್ತದೆ, ಮೊದಲೇ ಹೇಗೆ ತಡೆಯಬೇಕು ಅನ್ನುವುದನ್ನು ಅಂಕಿ ಸಮೇತ ಹೇಳಿ.

ಲೆಕ್ಕದ_ಪುಸ್ತಕ

ಹುರುಪು ತಾನಾಗಿ ಇಳಿಯುವುದಿಲ್ಲ, ಎಲ್ಲೋ ಸೋರುತ್ತದೆ. ದುಡಿದದ್ದು ಎಲ್ಲಿ ಹೋಯಿತು ಎಂದು ಕಾಣದಿದ್ದರೆ ಎಂಥ ಛಲವಂತನೂ ಸೋಲುತ್ತಾನೆ. ಹಾಗಾಗಿ ಮೊದಲು ಒಂದು ಒಬ್ಬೆಯ, ಅಂದರೆ ಗಾಣಕ್ಕೆ ಒಂದು ಸಲ ಹಾಕಿ ತೆಗೆಯುವಷ್ಟರ, ಲೆಕ್ಕ ಮಾಡೋಣ. ದರಗಳು ಲೆಕ್ಕಕ್ಕೆ ಹಿಡಿದವು, ನಿಮ್ಮ ಊರಿನ ದರ ಹಾಕಿಕೊಳ್ಳಿ.

ಒಂದು ಒಬ್ಬೆಗೆ 15 ಕೆಜಿ ಶೇಂಗಾ ಬೀಜ. ಕೆಜಿಗೆ 120 ರೂಪಾಯಿಯಂತೆ 1,800. ಕರೆಂಟು ಸುಮಾರು 2 ಯೂನಿಟ್, 16 ರೂಪಾಯಿ. ದಿನಕ್ಕೆ 600 ರೂಪಾಯಿ ಕೂಲಿಯವರು ಆರು ಒಬ್ಬೆ ತೆಗೆದರೆ ಒಬ್ಬೆಗೆ 100. ಬಾಟಲಿ, ಮುಚ್ಚಳ, ಲೇಬಲ್ ಸೇರಿ 95. ಒಟ್ಟು 2,011 ರೂಪಾಯಿ.

ಬರುವ ಎಣ್ಣೆ ಸುಮಾರು 6.3 ಲೀಟರ್. ಅದರಲ್ಲಿ ಮಡ್ಡಿ ತೆಗೆದು ಬಾಟಲಿಗೆ ಸೇರುವುದು 6.1 ಲೀಟರ್. ಜೊತೆಗೆ 9 ಕೆಜಿ ಹಿಂಡಿ, ಕೆಜಿಗೆ 40ರಂತೆ 360 ರೂಪಾಯಿ. 2,011ರಲ್ಲಿ 360 ಕಳೆದರೆ 1,651. ಲೀಟರಿಗೆ ಬೀಳುವುದು 271 ರೂಪಾಯಿ. 350ಕ್ಕೆ ಮಾರಿದರೆ ಉಳಿಯುವುದು 79.

ಈ 79 ರೂಪಾಯಿಯನ್ನೇ ಬಹಳ ಜನ ಲಾಭ ಎಂದುಕೊಳ್ಳುತ್ತಾರೆ. ಅದು ಲಾಭ ಅಲ್ಲ. ಬಾಡಿಗೆ 6,000, ಸಾಲದ ಕಂತು 9,000, ರಿಪೇರಿ, ಫೋನು, ಓಡಾಟ 2,000, ನಿಮ್ಮ ಸಂಬಳ 15,000. ತಿಂಗಳಿಗೆ 32,000. ಇದನ್ನು 79ರಿಂದ ಭಾಗಿಸಿದರೆ 405 ಲೀಟರ್. ತಿಂಗಳಿಗೆ ಅಷ್ಟು ಮಾರಿದ ಮೇಲೆ ಬರುವುದು ಲಾಭ.

ನಿಮ್ಮ ಸಂಬಳವನ್ನು ಮೊದಲ ತಿಂಗಳಿಂದಲೇ ಖರ್ಚಿನ ಸಾಲಿನಲ್ಲಿ ಬರೆಯಿರಿ. ಕೈಗೆ ಬಾರದಿದ್ದರೂ ಬರೆಯಿರಿ, "ಅಂಗಡಿ ನನಗೆ ಕೊಡಬೇಕಾದದ್ದು" ಎಂದು. ಬರೆಯದಿದ್ದರೆ ವರ್ಷದ ಕೊನೆಗೆ "ಇಷ್ಟು ದುಡಿದೆ, ಏನೂ ಉಳಿಯಲಿಲ್ಲ" ಅನ್ನುವ ಒಂದೇ ಭಾವನೆ ಉಳಿಯುತ್ತದೆ. ಬರೆದರೆ ಎಷ್ಟು ಕೊರತೆ, ಯಾವ ತಿಂಗಳು ಕಡಿಮೆಯಾಯಿತು ಅನ್ನುವುದು ಕಣ್ಣಿಗೆ ಕಾಣುತ್ತದೆ. ಕಂಡ ಕೊರತೆಯನ್ನು ತುಂಬಿಸಬಹುದು.

ಬಯಲುಸೀಮೆ_ಬೀಜ

ಲೆಕ್ಕ ಸರಿಯಾಗಿದೆ, ಕೂಲಿಯ ವಿಷಯದಲ್ಲಿ ಒಂದು ತಿದ್ದುಪಡಿ. 405 ಲೀಟರಿಗೆ 66 ಒಬ್ಬೆ ಬೇಕು. ಅದನ್ನು 25 ದಿನಕ್ಕೆ ಹರಡಿದರೆ ದಿನಕ್ಕೆ ಮೂರು ಒಬ್ಬೆಯೂ ಆಗುವುದಿಲ್ಲ. ಕೂಲಿ ಮಾತ್ರ ಪೂರ್ತಿ 600 ಕೊಡಬೇಕು. ಆಗ ಒಬ್ಬೆಗೆ 100 ಅಲ್ಲ, 200ರ ಮೇಲೆ ಬೀಳುತ್ತದೆ, ಲೀಟರಿಗೆ ಇನ್ನೂ 20 ರೂಪಾಯಿಯಷ್ಟು ಹೋಗುತ್ತದೆ.

ಅದಕ್ಕೇ ದಿನಾ ಗಾಣ ತಿರುಗಿಸಬೇಡಿ. ವಾರದಲ್ಲಿ ಮೂರು ದಿನ ಗಾಣ, ದಿನಕ್ಕೆ ಆರು ಒಬ್ಬೆ. ಉಳಿದ ಮೂರು ದಿನ ಬಾಟಲಿ ತುಂಬುವುದು, ಮನೆಮನೆಗೆ ತಲುಪಿಸುವುದು, ಹೊಸ ಗಿರಾಕಿ ಹುಡುಕುವುದು. ಎಣ್ಣೆ ತಿಳಿಯಾಗಲು ಹೇಗೂ ಮೂರು ನಾಲ್ಕು ದಿನ ಬೇಕು. ಸೋಮವಾರ ಮಂಗಳವಾರ ತೆಗೆದದ್ದು ಶುಕ್ರವಾರ ಬಾಟಲಿಗೆ ಬರುತ್ತದೆ. ಕೂಲಿಯವರಿಗೂ ಮೊದಲೇ ಹೀಗೆಯೇ ಹೇಳಿಡಿ.

ಹೊಸಬರು ದಣಿಯಲು ಇದೊಂದು ದೊಡ್ಡ ಕಾರಣ. ಬೆಳಿಗ್ಗೆಯಿಂದ ರಾತ್ರಿವರೆಗೆ ಗಾಣದ ಮುಂದೆ ಕೂತಿರುತ್ತಾರೆ, ಡ್ರಮ್ಮಿನಲ್ಲಿ ಎಣ್ಣೆ ಏರುತ್ತದೆ, ಮಾರಲು ಹೋಗುವವರಿಲ್ಲ. ಹಳೆಯ ಎಣ್ಣೆ ಮುಗ್ಗಲು ವಾಸನೆ ಹಿಡಿದಾಗ ಮನಸ್ಸು ಮುರಿಯುತ್ತದೆ. ಎಣ್ಣೆ ತೆಗೆಯುವುದು ಕಷ್ಟದ ಕೆಲಸ ಅಲ್ಲ. ಮಾರುವುದಕ್ಕೆ ಅದರಷ್ಟೇ ಹೊತ್ತು ಕೊಡಬೇಕು.

ಹೊಸಗಾಣ_ತುಮಕೂರು

ಲೆಕ್ಕದ ಪುಸ್ತಕ ಸರ್, ಬಯಲುಸೀಮೆ ಅಣ್ಣ, ಇಬ್ಬರಿಗೂ ಧನ್ಯವಾದ. ತಿಂಗಳಿಗೆ 405 ಲೀಟರ್ ಅಂದರೆ ಎಷ್ಟು ಮನೆ ಬೇಕು? ಅಂಗಡಿಗಳಿಗೆ ಕೊಟ್ಟರೆ ಬೇಗ ಆಗುತ್ತದಲ್ಲವೇ?

ಲೆಕ್ಕದ_ಪುಸ್ತಕ

ಒಂದು ಮನೆಗೆ ತಿಂಗಳಿಗೆ ಎರಡೂವರೆ ಲೀಟರ್ ಹಿಡಿಯಿರಿ. 160ರ ಹತ್ತಿರ ಮನೆ ಬೇಕು. ಗುರಿ ಇಟ್ಟುಕೊಳ್ಳುವುದಾದರೆ ರೂಪಾಯಿಯಲ್ಲಿ ಬೇಡ, ಮನೆಯ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಲಾಭ ಶೇಂಗಾ ದರದ ಜೊತೆ ಏರಿಳಿಯುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ. ಈ ವಾರ ಎಷ್ಟು ಹೊಸ ಮನೆ ಸೇರಿತು, ಹಳೆಯವರಲ್ಲಿ ಎಷ್ಟು ಜನ ಎರಡನೇ ಸಲ ತಗೊಂಡರು ಅನ್ನುವುದು ನಿಮ್ಮ ಕೈಯಲ್ಲಿದೆ. ಮೊದಲ 40 ಮನೆ ಪರಿಚಯದವರು, ನೆಂಟರು. 40ರಿಂದ 80 ದಾಟುವುದೇ ಕಷ್ಟ, ಯಾಕೆಂದರೆ ಅಲ್ಲಿಂದ ಮುಂದೆ ಮುಲಾಜಿಗೆ ಯಾರೂ ತಗೊಳ್ಳುವುದಿಲ್ಲ. ನೀವು ಹೇಳಿದ ಆರೇಳನೇ ತಿಂಗಳ ಕುಸಿತ ಬಹುಪಾಲು ಇದೇ ಜಾಗದಲ್ಲಿ ಆಗುತ್ತದೆ. ಗೊತ್ತಿದ್ದರೆ ಅದನ್ನು ಸೋಲು ಎಂದುಕೊಳ್ಳದೆ ದಾರಿಯ ಏರು ಎಂದುಕೊಳ್ಳಬಹುದು.

ಅಂಗಡಿಗೆ 15% ಕಮಿಷನ್ ಕೊಟ್ಟರೆ 350ರಲ್ಲಿ 52 ರೂಪಾಯಿ 50 ಪೈಸೆ ಹೋಗುತ್ತದೆ. ಉಳಿಯುವ 79ರಲ್ಲಿ ಅದನ್ನು ಕಳೆದರೆ 26 ರೂಪಾಯಿ 50 ಪೈಸೆ. ಆಗ 32,000 ತುಂಬಲು 1,200 ಲೀಟರ್ ಬೇಕು. ಒಂದು ಗಾಣ ದಿನಕ್ಕೆ ಆರು ಒಬ್ಬೆಯಂತೆ 25 ದಿನ ತಿರುಗಿದರೂ ಬರುವುದು 915 ಲೀಟರ್. ಅಂದರೆ ಎಲ್ಲವನ್ನೂ ಅಂಗಡಿಗೇ ಹಾಕಿದರೆ ಎಷ್ಟು ದುಡಿದರೂ ತುಂಬದು. ಅಂಗಡಿ ಬೇಡ ಎಂದಲ್ಲ. ಹೆಸರು ಕಾಣಲು ಎರಡು ಮೂರು ಅಂಗಡಿ ಸಾಕು. ಹೊಟ್ಟೆ ತುಂಬಿಸುವುದು ನೇರ ಗಿರಾಕಿ.

ಹುಬ್ಬಳ್ಳಿ_ಎಣ್ಣಿ

ಉದ್ರಿ ಬಗ್ಗೆ ಯಾರೂ ಬರದಿಲ್ಲಲ್ರಿ. ಸಣ್ಣ ವ್ಯಾಪಾರದಾಗ ಮನಸ್ಸು ಕೆಡಸೂದು ನಷ್ಟಕ್ಕಿಂತ ಉದ್ರಿ. ನಷ್ಟ ಆದ್ರ ಒಂದ ಸಲ ಬ್ಯಾಸರ. ಉದ್ರಿ ಕೊಟ್ರ ದಿನಾ ಬ್ಯಾಸರ. ಅವ್ರ ಮನಿ ಮುಂದ ಹಾದು ಹೋಗೂದೂ ಬ್ಯಾಡ ಅನಸ್ತದ, ಅವ್ರೂ ನಮ್ಮ ಅಂಗಡಿ ಕಡೆ ಬರೂದು ಬಿಡ್ತಾರ. ರೊಕ್ಕಾನೂ ಹೋತು, ಗಿರಾಕಿನೂ ಹೋತು.

ಒಂದು ಕಟ್ಟಳಿ ಹಾಕ್ಕೊಳ್ರಿ. ಒಂದು ಮನಿಗೆ ಒಂದ ಬಾಟ್ಲಿ ಉದ್ರಿ, ಹಿಂದಿನದ ಕೊಟ್ಟ ಮ್ಯಾಲೇ ಮುಂದಿನದು. ಎಲ್ಲಾ ಸೇರಿ ಉದ್ರಿ ಅನ್ನೂದು ಒಂದು ವಾರದ ಮಾರಾಟ ದಾಟಬಾರದು. ತಿಂಗಳಿಗೆ 405 ಲೀಟರ್ ಅಂದ್ರ ವಾರಕ್ಕ ನೂರು ಲೀಟರ್, 35,000 ರೂಪಾಯಿ. ಅದು ಮುಟ್ಟಿದ ದಿನ ಯಾರ್ ಬಂದ್ರೂ ಉದ್ರಿ ಬಂದ್. ಕಾಕಾ ಬರಲಿ, ಮಾವ ಬರಲಿ. ಬೀಗರಿಗೆ ಇಲ್ಲ ಅನ್ನಾಕ ಸಂಕೋಚ ಆಗ್ತದ, ಅದು ಖರೆ. ಅದಕ್ಕ ಕಟ್ಟಳಿ ಬರದು ಗ್ವಾಡಿಗೆ ಹಚ್ರಿ. ಆವಾಗ ಇಲ್ಲ ಅನ್ನೂದು ನೀವಲ್ಲ, ಗ್ವಾಡಿ.

ಇನ್ನೊಂದು. ಮನಿ ರೊಕ್ಕ, ಗಾಣದ ರೊಕ್ಕ ಒಂದ ಕಿಸೇದಾಗ ಇಡಬ್ಯಾಡ್ರಿ. ಬ್ಯಾಂಕಿನ್ಯಾಗ ಬ್ಯಾರೆ ಖಾತೆ ತಗೀರಿ, ಫೋನ್‌ಪೇ, ಗೂಗಲ್‌ಪೇ ಕ್ಯೂಆರ್ ಅದಕ್ಕ ಜೋಡಸ್ರಿ. ಮಕ್ಕಳ ಸಾಲಿ ಫೀ ಗಾಣದ ರೊಕ್ಕದಾಗ ಕಟ್ಟಿದ್ರ ಸುಗ್ಗಿ ಬಂದಾಗ ಬೀಜ ಕೊಳ್ಳಾಕ ರೊಕ್ಕ ಇರೂದಿಲ್ಲ. ಆಮ್ಯಾಲೆ ತುಟ್ಟಿ ಬೀಜ ತಂದು, ತುಟ್ಟಿ ಎಣ್ಣಿ ಮಾರಿ, ಗಿರಾಕಿ ಕಳ್ಕೋತೀರಿ. ಎಲ್ಲಾ ಒಂದಕ್ಕೊಂದು ಗಂಟು ಬಿದ್ದೈತಿ ನೋಡ್ರಿ.

ಬಯಲುಸೀಮೆ_ಬೀಜ

ಸುಗ್ಗಿಯ ಮಾತು ಬಂದದ್ದರಿಂದ ಬೀಜದ ವಿಷಯ. ಮುಂಗಾರಿನ ಶೇಂಗಾ ಜೂನ್, ಜುಲೈಯಲ್ಲಿ ಬಿತ್ತಿ ಅಕ್ಟೋಬರ್, ನವೆಂಬರಿಗೆ ಬರುತ್ತದೆ. ಬೇಸಿಗೆ ಬೆಳೆ ಏಪ್ರಿಲ್, ಮೇ ಹೊತ್ತಿಗೆ. ಚಳ್ಳಕೆರೆ, ಪಾವಗಡದ ಕಡೆ ಸುಗ್ಗಿಯಲ್ಲಿ ಮಾಲು ಹೆಚ್ಚಾಗಿ ಬಂದಾಗ ದರ ಇಳಿಯುವುದು ರೂಢಿ. ಮುಂಗಾರು ಕೈಕೊಟ್ಟ ವರ್ಷ ಹಾಗಾಗುವುದಿಲ್ಲ, ಅದಕ್ಕೂ ಸಿದ್ಧರಿರಬೇಕು.

ಬೀಜದ ದರ ಕೆಜಿಗೆ 10 ರೂಪಾಯಿ ಏರಿದರೆ ಒಬ್ಬೆಗೆ 150, ಲೀಟರಿಗೆ 25 ರೂಪಾಯಿ ಏರುತ್ತದೆ. ಅಂದರೆ ನಿಮ್ಮ 79ರಲ್ಲಿ ಮೂರನೇ ಒಂದು ಪಾಲು ಹೋಯಿತು. ತಿಂಗಳಿಗೆ ಬೇಕಾದದ್ದು ಹತ್ತು ಕ್ವಿಂಟಾಲ್ ಬೀಜ, 1.2 ಲಕ್ಷ ರೂಪಾಯಿ. ಸುಗ್ಗಿಯಲ್ಲಿ ಎರಡು ತಿಂಗಳಿನದಾದರೂ ಕೊಂಡಿಡುವಷ್ಟು ಹಣ ಸಾಲದ ಅರ್ಜಿಯಲ್ಲೇ ದುಡಿಯುವ ಬಂಡವಾಳ ಎಂದು ಕೇಳಿ. ಎಲ್ಲ ಹಣವನ್ನೂ ಯಂತ್ರಕ್ಕೆ, ಶೆಡ್ಡಿಗೆ ಹಾಕಿ ಬೀಜಕ್ಕೆ ಕೈಸಾಲ ಮಾಡುವವರೇ ಮೊದಲು ಸುಸ್ತಾಗುವುದು.

ಕೂಡಿಡುವುದಾದರೆ ಕಾಯಿಯಾಗಿ ಇಡಿ. ಸಿಪ್ಪೆ ಇದ್ದರೆ ಹುಳು, ಬೂಸ್ಟು ಬೇಗ ತಗುಲದು. 100 ಕೆಜಿ ಕಾಯಿಗೆ 65ರಿಂದ 70 ಕೆಜಿ ಬೀಜ ಬರುತ್ತದೆ, ಆ ಲೆಕ್ಕದಲ್ಲೇ ದರ ಕಟ್ಟಿ. ಚೀಲ ನೇರ ನೆಲದ ಮೇಲೆ ಬೇಡ, ಮರದ ಹಲಗೆ ಹಾಕಿ, ಗೋಡೆಯಿಂದ ಒಂದು ಅಡಿ ದೂರ. ತೇವ 7% ಮೀರಬಾರದು. ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಚೀಲದ ನಡುವಿನ ಬೀಜ ತೆಗೆದು ಮುರಿಯಿರಿ. ಟಕ್ಕೆಂದು ಮುರಿಯಬೇಕು, ಬಾಗಬಾರದು.

ಒಂದು ವಿಷಯದಲ್ಲಿ ರಾಜಿ ಬೇಡವೇ ಬೇಡ. ಬೂಸ್ಟು ಹಿಡಿದ, ಕಪ್ಪಾದ, ಮುರುಟಿದ ಬೀಜ ಅಗ್ಗಕ್ಕೆ ಸಿಗುತ್ತದೆ. ಗಾಣದ ಎಣ್ಣೆಗೆ ರಿಫೈನಿಂಗ್ ಇಲ್ಲ, ಹಾಗಾಗಿ ಬೂಸ್ಟಿನ ವಿಷ, ಅಂದರೆ ಅಫ್ಲಾಟಾಕ್ಸಿನ್, ಎಣ್ಣೆಗೂ ಇಳಿಯುತ್ತದೆ. ಅದಕ್ಕಿಂತ ಹೆಚ್ಚು ಹಿಂಡಿಯಲ್ಲಿ ಉಳಿದು ಹಸುವಿನ ಹೊಟ್ಟೆ ಸೇರಿ ಹಾಲಿಗೂ ಬರುತ್ತದೆ. ನಿಮ್ಮ ಎಣ್ಣೆ ಕೊಳ್ಳುವವರು ಮಕ್ಕಳ ಊಟಕ್ಕೆಂದು ನಂಬಿ ಕೊಳ್ಳುತ್ತಾರೆ.

ಗಾಣಶಾಲೆ

ಯಂತ್ರದ ಕಡೆಯಿಂದ ನೋಡಿದರೆ ಹುರುಪು ಕುಂದಿಸುವುದು ಎರಡು: ಇಳುವರಿ ಸದ್ದಿಲ್ಲದೆ ಬೀಳುವುದು, ಗಿರಾಕಿಯ ದೂರಿಗೆ ಉತ್ತರ ಗೊತ್ತಿಲ್ಲದಿರುವುದು.

ಇಳುವರಿ 6.1ರಿಂದ 5.6 ಲೀಟರಿಗೆ ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಲೀಟರಿಗೆ 20 ರೂಪಾಯಿಗೂ ಹೆಚ್ಚು ಹೋಗುತ್ತದೆ. ಅದಕ್ಕೇ ಗಾಣದ ಪಕ್ಕ ಒಂದು ನೋಟ್‌ಬುಕ್ಕು ಕಟ್ಟಿಡಿ. ಪ್ರತಿ ಒಬ್ಬೆಗೆ ಒಂದು ಸಾಲು: ತಾರೀಕು, ಬೀಜದ ತೂಕ, ಯಾರ ಮಾಲು, ಹಾಕಿದ ನೀರು, ಹಿಡಿದ ಹೊತ್ತು, ಎಣ್ಣೆ, ಹಿಂಡಿ. ಒಂದು ಬಾರಿ ಕಡಿಮೆ ಬಂದರೆ ತಲೆಕೆಡಿಸಿಕೊಳ್ಳಬೇಡಿ. ಒಂದೇ ಮಾಲಿನಲ್ಲಿ ಮೂರು ಒಬ್ಬೆ ಸತತ ಕಡಿಮೆ ಬಂದರೆ ನಿಲ್ಲಿಸಿ ನೋಡಿ.

ಹಿಂಡಿಯೇ ಹೇಳುತ್ತದೆ. ಬೆರಳಲ್ಲಿ ಒತ್ತಿದಾಗ ಜಿಡ್ಡು ಹತ್ತಿ ಮೆತ್ತಗಿದ್ದರೆ ಒನಕೆಯ ತುದಿ ಸವೆದಿದೆ, ಇಲ್ಲವೇ ಒತ್ತಡ ಸಾಲದು. ಪುಡಿಪುಡಿಯಾಗಿ ಕೂಡಿಕೊಳ್ಳದಿದ್ದರೆ ನೀರು ಕಡಿಮೆ. 15 ಕೆಜಿ ಶೇಂಗಾಕ್ಕೆ ಸುಮಾರು 300 ಮಿಲಿ ನೀರನ್ನು ಎರಡು ಮೂರು ಸಲಕ್ಕೆ ಚಿಮುಕಿಸುತ್ತಾರೆ, ಹೊಸ ಬೀಜಕ್ಕೆ ಇನ್ನೂ ಕಡಿಮೆ. ನೀರು ಹೆಚ್ಚಾದರೆ ಎಣ್ಣೆ ಮಬ್ಬಾಗಿ ಬರುತ್ತದೆ, ತಿಳಿಯಾಗಲು ತಡವಾಗುತ್ತದೆ, ಬೇಗ ಮುಗ್ಗುತ್ತದೆ.

ದೂರುಗಳಲ್ಲಿ ಮೊದಲನೆಯದು "ಕರಿಯುವಾಗ ನೊರೆ ಬರುತ್ತದೆ". ಎಣ್ಣೆಯಲ್ಲಿ ತೇವ, ಮಡ್ಡಿ ಉಳಿದಿದ್ದರೆ ಹಾಗಾಗುತ್ತದೆ. ಸ್ಟೀಲ್ ಡ್ರಮ್ಮಿನಲ್ಲಿ ಕನಿಷ್ಠ ಮೂರು ನಾಲ್ಕು ದಿನ ಅಲ್ಲಾಡಿಸದೆ ಬಿಡಿ, ತಳದಿಂದ ನಾಲ್ಕು ಬೆರಳು ಮೇಲೆ ನಲ್ಲಿ ಇರುವ ಡ್ರಮ್ಮೇ ತಗೊಳ್ಳಿ. ಮಳೆಗಾಲದಲ್ಲಿ ಇನ್ನೆರಡು ದಿನ ಹೆಚ್ಚು. ತಿಳಿಯಾದ ಮೇಲೆ ಬೆಳಕು ಬೀಳದ ಕಡೆ ಇಡಿ. ಅಂಗಡಿಯವರು ಚೆನ್ನಾಗಿ ಕಾಣಲಿ ಎಂದು ಬಾಟಲಿಯನ್ನು ಬಿಸಿಲಿನ ಕಟ್ಟೆಯ ಮೇಲೆ ಇಟ್ಟರೆ ಎಣ್ಣೆ ಬೇಗ ಕೆಡುತ್ತದೆ, ಅವರಿಗೆ ಅದನ್ನು ಹೇಳಿಯೇ ಕೊಡಿ.

ಪ್ರತಿ ಒಬ್ಬೆಯಿಂದ 100 ಮಿಲಿ ತೆಗೆದು ಸಂಖ್ಯೆ ಬರೆದು ಕಪಾಟಿನಲ್ಲಿಡಿ. ಗಿರಾಕಿ ಬಾಟಲಿ ಹಿಡಿದು ಬಂದಾಗ ಅದೇ ಸಂಖ್ಯೆಯದನ್ನು ತೆಗೆದು ಇಬ್ಬರೂ ಮೂಸಿ ನೋಡಿ. ನಿಮ್ಮಲ್ಲಿರುವುದೂ ವಾಸನೆ ಬಂದರೆ ಆ ಸಂಖ್ಯೆಯ ಎಲ್ಲ ಬಾಟಲಿ ವಾಪಸ್ ತರಿಸಿ. ಬಾರದಿದ್ದರೆ ಇಟ್ಟ ಜಾಗದ ದೋಷ ಎಂದು ಸಮಾಧಾನವಾಗಿ ತೋರಿಸಬಹುದು. ಹೀಗೆ ಕೈಯಲ್ಲಿ ಉತ್ತರ ಇದ್ದವರು ದೂರಿಗೆ ಹೆದರುವುದಿಲ್ಲ. ಉತ್ತರ ಇಲ್ಲದವರಿಗೆ ಒಂದು ದೂರು ಬಂದರೆ ವಾರವಿಡೀ ನಿದ್ದೆ ಇಲ್ಲ.

ಮೈಸೂರು_ಸಂಘದಕ್ಕ

ತಮ್ಮ, ಒಂಟಿಯಾಗಿ ನಡೆಸೋರ ಕಷ್ಟ ಬೇರೆ, ಅದನ್ನೂ ಕೇಳಿಸ್ಕೊಳ್ಳಿ. ಸಂಬಳದ ಕೆಲಸದಲ್ಲಿ ಮೇಲಿನೋರು ಒಬ್ರು ಕೇಳೋರು ಇರ್ತಾರೆ. ಇಲ್ಲಿ ಕೇಳೋರೇ ಇರಲ್ಲ. ಹಾಗಾಗಿ ಕೇಳೋರನ್ನ ನೀವೇ ಮಾಡ್ಕೋಬೇಕು. ವಾರಕ್ಕೊಂದು ಸಲ, ಭಾನುವಾರ ಸಂಜೆ ಅಂದ್ಕೊಳ್ಳಿ, ಮನೆಯವರ ಜೊತೆನೋ ಇನ್ನೊಬ್ರು ಸಣ್ಣ ವ್ಯಾಪಾರದೋರ ಜೊತೆನೋ ಅರ್ಧ ಗಂಟೆ ಕೂತು ನಾಲ್ಕೇ ಅಂಕಿ ಓದಿ ಹೇಳಿ: ಎಷ್ಟು ಲೀಟರ್ ಮಾರಿದ್ವಿ, ಒಬ್ಬೆಗೆ ಎಷ್ಟು ಎಣ್ಣೆ ಬಂತು, ಉದ್ರಿ ಎಷ್ಟಿದೆ, ಎರಡನೇ ಸಲ ಬಂದ ಮನೆ ಎಷ್ಟು. ಅಷ್ಟೇ. ಅದರಲ್ಲಿ ಕೆಟ್ಟದ್ದು ಯಾವುದೋ ಅದೊಂದನ್ನೇ ಮುಂದಿನ ವಾರಕ್ಕೆ ಸರಿ ಮಾಡೋದು. ನಾಲ್ಕನ್ನೂ ಒಟ್ಟಿಗೆ ಸರಿ ಮಾಡಕ್ಕೆ ಹೋದ್ರೆ ಯಾವುದೂ ಆಗಲ್ಲ.

ಸ್ತ್ರೀಶಕ್ತಿ, ಸಂಜೀವಿನಿ ಸಂಘದಲ್ಲಿ ಇರೋ ಹೆಣ್ಣುಮಕ್ಕಳಿಗೆ ಈ ವಾರದ ಸಭೆ ಹೇಗೂ ಇರುತ್ತೆ. ಅಲ್ಲಿ ಬರೀ ಸಾಲದ ಕಂತು ಕಟ್ಟಿ ಎದ್ದು ಬರೋ ಬದಲು ಈ ಅಂಕಿ ಓದಕ್ಕೆ ಹತ್ತು ನಿಮಿಷ ಕೇಳಿ ತಗೊಳ್ಳಿ.

ತರಬೇತಿ ಬೇಕು ಅನ್ನೋರು ಉಜಿರೆಯ ರುಡ್‌ಸೆಟಿ ಹೆಸರು ಕೇಳಿರ್ತೀರಿ, 1982ರಿಂದ ಇರೋ ಸಂಸ್ಥೆ. ಅದೇ ಮಾದರೀಲಿ ಜಿಲ್ಲೆ ಜಿಲ್ಲೆಲಿ ಬ್ಯಾಂಕುಗಳು ನಡೆಸೋ ಆರ್‌ಸೆಟಿ ಇವೆ. ಊಟ, ವಸತಿ, ತರಬೇತಿ ಉಚಿತ. ಬಹಳ ಜನಕ್ಕೆ ಗೊತ್ತಿಲ್ದೇ ಇರೋದು ಏನಂದ್ರೆ, ತರಬೇತಿ ಮುಗಿದ ಮೇಲೆ ಎರಡು ವರ್ಷ ಅವರು ನಿಮ್ಮನ್ನ ವಿಚಾರಿಸ್ಕೊಂಡು ಮಾರ್ಗದರ್ಶನ ಕೊಡೋ ವ್ಯವಸ್ಥೆ ಇದೆ. ನೀವು ಕೇಳಿದ ಆರೇಳನೇ ತಿಂಗಳು ಅದರೊಳಗೇ ಬರುತ್ತೆ. ಫೋನ್ ಮಾಡಿ, ಹೋಗಿ ಕೂತು ಮಾತಾಡಿ, ನಾಚ್ಕೋಬೇಡಿ.

ಇನ್ನು ರಜೆ. ವಾರಕ್ಕೊಂದು ದಿನ ಗಾಣ, ಅಂಗಡಿ, ಫೋನು ಮೂರೂ ಬಂದ್. ಮನೇಲೇ ಗಾಣ ಇದ್ರೆ ರಾತ್ರಿ ಒಂಬತ್ತಕ್ಕೂ ಬಾಗಿಲು ತಟ್ತಾರೆ. ಬೋರ್ಡಲ್ಲಿ ಸಮಯ ಬರೆದು ಅದನ್ನ ಪಾಲಿಸಿ. ಹೆಂಗಸರು ನಡೆಸೋ ಕಡೆ ಇದು ಇನ್ನೂ ಮುಖ್ಯ, ಯಾಕಂದ್ರೆ ಅಡುಗೆ, ಮಕ್ಕಳು, ಹಿರಿಯರು ಎಲ್ಲ ಮುಗಿಸಿ ಗಾಣಕ್ಕೆ ಬರೋದು. ಯಾವ ಮನೆಕೆಲಸ ಯಾರು ಮಾಡ್ತಾರೆ ಅಂತ ಗಾಣ ತರೋಕ್ ಮುಂಚೆನೇ ಮನೇಲಿ ಕೂತು ತೀರ್ಮಾನ ಮಾಡಿ. ಆಮೇಲೆ ನೋಡ್ಕೊಳ್ಳೋಣ ಅಂದ್ರೆ ಅದು ಆಗಲ್ಲ.

ಹೊಸಗಾಣ_ತುಮಕೂರು

ಅಕ್ಕಾ, ನಾಲ್ಕು ಅಂಕಿಯ ಮಾತು ಇವತ್ತೇ ಬರೆದಿಟ್ಟುಕೊಂಡೆ. ಸಬ್ಸಿಡಿ ಬಗ್ಗೆ ಒಂದು ಪ್ರಶ್ನೆ. ಪಿಎಂಎಫ್‌ಎಂಇಯಲ್ಲಿ, ಅಂದರೆ ಕಿರು ಆಹಾರ ಸಂಸ್ಕರಣಾ ಘಟಕಗಳಿಗಿರುವ ಕೇಂದ್ರದ ಯೋಜನೆಯಲ್ಲಿ, ಅರ್ಧ ಹಣ ಸರ್ಕಾರ ಕೊಡುತ್ತದೆ ಎಂದು ಯಂತ್ರ ಮಾರುವವರು ಹೇಳುತ್ತಾರೆ. ಅದನ್ನು ನಂಬಿ ಹೊರಡಬಹುದೇ?

ಕಾಗದಪತ್ರ

ಯೋಜನೆ ನಿಜ, ತಿಳಿವಳಿಕೆ ತಪ್ಪು. ಪಿಎಂಎಫ್‌ಎಂಇ 2020ರಲ್ಲಿ ಶುರುವಾಯಿತು. ಕೇಂದ್ರದ ಯೋಜನೆಯಲ್ಲಿ ಅರ್ಹ ಯೋಜನಾ ವೆಚ್ಚದ 35%, ಗರಿಷ್ಠ 10 ಲಕ್ಷ ಸಹಾಯಧನ. ಕರ್ನಾಟಕ ಸರ್ಕಾರ ಅದರ ಮೇಲೆ 15% ಸೇರಿಸಿದ್ದರಿಂದ ಅರ್ಧ ಅನ್ನುವ ಮಾತು ಬಂದಿದೆ. ರಾಜ್ಯದಲ್ಲಿ ನೋಡಿಕೊಳ್ಳುವುದು ಕೆಪೆಕ್, ಅಂದರೆ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತಿನ ರಾಜ್ಯ ನಿಗಮ. ಈ ಸಾಲಿಗೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮೊದಲು ಅಲ್ಲೇ ವಿಚಾರಿಸಿ, ಯಂತ್ರದವರ ಬಳಿ ಅಲ್ಲ.

ಗಮನಿಸಬೇಕಾದದ್ದು: ಈ ಹಣ ನಿಮ್ಮ ಕೈಗೆ ಬರುವುದಿಲ್ಲ. ನಿಮ್ಮ ಪಾಲು ಕನಿಷ್ಠ 10% ಹಾಕಿ, ಬ್ಯಾಂಕ್ ಸಾಲ ಕೊಟ್ಟ ಮೇಲೆ ಸಹಾಯಧನ ಬ್ಯಾಂಕಿನಲ್ಲೇ ಪ್ರತ್ಯೇಕ ಲೆಕ್ಕದಲ್ಲಿ ಕೂರುತ್ತದೆ. ಮೂರು ವರ್ಷ ಘಟಕ ನಡೆದು, ಕಂತು ತಪ್ಪದಿದ್ದರೆ ಸಾಲಕ್ಕೆ ವಜಾ ಆಗುತ್ತದೆ. "ಆರು ತಿಂಗಳಲ್ಲಿ ಸಬ್ಸಿಡಿ ಬರುತ್ತೆ, ಅದರಲ್ಲಿ ಬೀಜ ತರೋಣ" ಎಂದು ಲೆಕ್ಕ ಹಾಕಿದವರಿಗೆ ಆಗುವ ನಿರಾಸೆ ದೊಡ್ಡದು. ಸಬ್ಸಿಡಿ ಇಲ್ಲದೆಯೂ ಕಂತು ಕಟ್ಟಬಹುದಾದರೆ ಮಾತ್ರ ಸಾಲ ಮಾಡಿ. ಯೋಜನಾ ವರದಿ ಬರೆಸಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಇರುತ್ತಾರೆ, ಅವರ ಸಂಭಾವನೆ ಯೋಜನೆಯಿಂದಲೇ ಹೋಗುತ್ತದೆ.

ಕಾಗದದ ಕೆಲಸವನ್ನು ಗಾಣ ಬರುವ ಮೊದಲೇ ಮುಗಿಸಿ. ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ, ಯಾರಿಗೂ ದುಡ್ಡು ಕೊಡಬೇಡಿ. ಆಹಾರ ಸುರಕ್ಷತೆಯ ನೋಂದಣಿ ಅಥವಾ ಲೈಸೆನ್ಸ್ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಪೋರ್ಟಲಿನಲ್ಲಿ. ಖಾದ್ಯ ತೈಲವನ್ನು ಬಿಡಿಯಾಗಿ ಅಳೆದು ಮಾರುವುದಕ್ಕೆ ನಿಷೇಧ ಇದೆ, ಪ್ಯಾಕ್ ಮಾಡಿಯೇ ಮಾರಿ. ಲೇಬಲ್ಲಿನಲ್ಲಿ ಹೆಸರು, ವಿಳಾಸ, ನಿವ್ವಳ ಪ್ರಮಾಣ, ಒಬ್ಬೆ ಸಂಖ್ಯೆ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಎಂಆರ್‌ಪಿ, ನೋಂದಣಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು, ದೂರಿಗೆ ಫೋನ್ ಇರಲಿ. 1 ಲೀಟರ್ ಶೇಂಗಾ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ, ತೂಕವನ್ನೂ ಬರೆಯಿರಿ. "ಹೃದಯ ರೋಗ ವಾಸಿ", "ಸಕ್ಕರೆ ಕಾಯಿಲೆಗೆ ಮದ್ದು" ಎಂದು ಬರೆಯಬೇಡಿ. ಅದು ಕಾನೂನಿಗೂ ವಿರುದ್ಧ, ನಂಬಿದವರಿಗೂ ಮೋಸ.

ಅಂಗಡಿಯವರು ಹಣ ಸತಾಯಿಸಿದರೆ ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಕಡೆ ಇದೆ. ಒಪ್ಪಂದ ಬರಹದಲ್ಲಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದಕ್ಕೆ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ, ಮಾಲು ಮುಟ್ಟಿದ್ದಕ್ಕೆ ಸಹಿ ಇರಬೇಕು. ಎರಡು ಬಾಟಲಿಗೆ ಯಾರೂ ಇಂಥ ಬಾಕಿಯ ದೂರು ಕೇಳುವ ಫೆಸಿಲಿಟೇಶನ್ ಕೌನ್ಸಿಲಿಗೆ ಹೋಗುವುದಿಲ್ಲ, ಸರಿ. ಆದರೆ ಬಿಲ್ಲಿನ ಮೇಲೆ ಆ ಸಂಖ್ಯೆಯನ್ನೂ 15 ದಿನದ ಮಾತನ್ನೂ ಅಚ್ಚು ಹಾಕಿಸಿದರೆ ಕೇಳುವಾಗ ದನಿ ತಗ್ಗಿಸಬೇಕಾಗಿಲ್ಲ.

ಛಲದಂಕ

ಎಲ್ಲರೂ ಲೆಕ್ಕ ಹೇಳುತ್ತಿದ್ದೀರಿ, ಒಳ್ಳೆಯದು. ಆದರೆ ಲೆಕ್ಕ ನೋಡುತ್ತ ಕೂತರೆ ಮೊದಲ ಆರು ತಿಂಗಳು ಯಾರೂ ಉಳಿಯುವುದಿಲ್ಲ. ಎಲ್ಲ ಅಂಕಿಯೂ ಕೆಂಪೇ ಇರುತ್ತದೆ. ಆಗ ಬೇಕಾದದ್ದು ಹಟ. ಏನೇ ಆಗಲಿ ಬಿಡುವುದಿಲ್ಲ ಅನ್ನುವ ಮನಸ್ಸಿಲ್ಲದಿದ್ದರೆ ಯಾವ ನೋಟ್‌ಬುಕ್ಕೂ ಕಾಪಾಡದು.

ಲೆಕ್ಕದ_ಪುಸ್ತಕ

ಹಟ ಬೇಕು, ಒಪ್ಪುತ್ತೇನೆ. ಆದರೆ "ಏನೇ ಆಗಲಿ" ಅನ್ನುವ ಎರಡು ಪದ ಅಪಾಯ. ಮನೆಯ ಒಡವೆ ಅಡವಿಟ್ಟು, ಮೀಟರ್ ಬಡ್ಡಿಗೆ ತಂದು ಗಾಣ ತಿರುಗಿಸುವುದನ್ನು ಛಲ ಎಂದು ಹೊಗಳಬಾರದು. ಅದರ ಭಾರ ಹೊರುವುದು ಮನೆಯವರು.

ಶುರು ಮಾಡುವ ಮೊದಲೇ, ತಲೆ ತಣ್ಣಗಿರುವಾಗ, ಗಡಿ ಬರೆದಿಡಿ. ಉದಾಹರಣೆಗೆ: ಹಾಕಿದ ಹಣದ ಮೇಲೆ ಇನ್ನು 1 ಲಕ್ಷಕ್ಕಿಂತ ಹೆಚ್ಚು ಹಾಕುವುದಿಲ್ಲ. ಒಡವೆ, ಜಮೀನು ಮುಟ್ಟುವುದಿಲ್ಲ. ಒಂದು ಪೂರ್ತಿ ವರ್ಷ, ಅಂದರೆ ಒಂದು ಸುಗ್ಗಿ, ಒಂದು ಆಷಾಢ, ಒಂದು ದೀಪಾವಳಿ ನೋಡುವ ತನಕ ನಿಲ್ಲಿಸುವ ಮಾತಿಲ್ಲ. ವರ್ಷದ ಕೊನೆಯ ಮೂರು ತಿಂಗಳ ಸರಾಸರಿ 250 ಲೀಟರ್ ಮುಟ್ಟದಿದ್ದರೆ ಗಾಣ ಮಾರುವುದು, ಅಥವಾ ಗಿರಾಕಿ ತಂದ ಬೀಜಕ್ಕೆ ಕೂಲಿಗೆ ಎಣ್ಣೆ ತೆಗೆದುಕೊಡುವ ಕೆಲಸಕ್ಕೆ ಬದಲಾಯಿಸುವುದು. ಗಡಿ ಬರೆದಿಟ್ಟವರು ಅದರೊಳಗೆ ಪೂರ್ತಿ ಮನಸ್ಸಿಟ್ಟು ದುಡಿಯುತ್ತಾರೆ. ಗಡಿಯೇ ಇಲ್ಲದವರು ಪ್ರತಿ ರಾತ್ರಿ "ಬಿಡಲೇ, ಇರಲೇ" ಎಂದು ಯೋಚಿಸುತ್ತ ಅರ್ಧ ಶಕ್ತಿ ಅಲ್ಲೇ ಕಳೆಯುತ್ತಾರೆ.

ಛಲದಂಕ

ಒಂದು ವರ್ಷದ ಮಾತು ಒಪ್ಪಿದೆ. ಆಷಾಢದಲ್ಲಿ ಮಾರಾಟ ಬಿದ್ದದ್ದು ನೋಡಿ ಶ್ರಾವಣಕ್ಕೆ ಮುಂಚೆ ಯಂತ್ರ ಮಾರಿಬಿಡುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಗಣೇಶ ಚೌತಿಯಿಂದ ದೀಪಾವಳಿವರೆಗೆ ಕರಿದ ತಿಂಡಿಯ ಕಾಲ, ಆಮೇಲೆ ಕಾರ್ತಿಕದ ದೀಪಕ್ಕೆ ಎಳ್ಳೆಣ್ಣೆ. ಆಷಾಢದ ಮಂದ ತಿಂಗಳನ್ನು ಒರಳು ಒನಕೆ ರಿಪೇರಿಗೆ, ಬೆಲ್ಟು ಬದಲಿಸಲು, ಗಿರಾಕಿಗಳಿಗೆ ಫೋನ್ ಮಾಡಿ ಹಬ್ಬದ ಆರ್ಡರ್ ಬರೆದುಕೊಳ್ಳಲು ಇಟ್ಟುಕೊಳ್ಳಬೇಕು.

ಗಾಣಶಾಲೆ

ರಿಪೇರಿಯ ಜೊತೆ ಇದನ್ನೂ ಸೇರಿಸಿ. ಗಾಣ ವಾರಗಟ್ಟಲೆ ನಿಲ್ಲುವುದಾದರೆ ಮರದ ಒರಳನ್ನು ಹಾಗೇ ಒಣಗಲು ಬಿಡಬೇಡಿ, ಬಿರುಕು ಬಿಡುತ್ತದೆ. ಹಳೆ ಹಿಂಡಿ ಕೆರೆದು ತೆಗೆದು, ಒಳಗೆ ಎಣ್ಣೆ ಸವರಿ, ಬಟ್ಟೆ ಮುಚ್ಚಿಡಿ. ಹಿಂಡಿಯ ಚೂರು ಸಂದಿಯಲ್ಲಿ ಉಳಿದರೆ ಅದು ಮುಗ್ಗಿ ಮುಂದಿನ ಮೊದಲ ಒಬ್ಬೆಯನ್ನೇ ಕೆಡಿಸುತ್ತದೆ.

ಹೊಸಗಾಣ_ತುಮಕೂರು

ಕೊನೆಯದೊಂದು. ಎಲ್ಲ ಸರಿಹೋಗಿ ಮಾರಾಟ ಏರಿತು ಎನ್ನಿ. ಎರಡನೇ ಗಾಣ ಯಾವಾಗ?

ಬಯಲುಸೀಮೆ_ಬೀಜ

ದೀಪಾವಳಿಯ ಮಾರಾಟ ನೋಡಿ ತರಬೇಡಿ. ಒಂದು ಗಾಣದ ಮಿತಿ 915 ಲೀಟರ್ ಎಂದು ಮೇಲೆ ಬಂತಲ್ಲ. ಮಂದ ತಿಂಗಳಲ್ಲೂ 700 ಲೀಟರ್ ದಾಟುತ್ತಿದ್ದರೆ, ಉದ್ರಿ ಗಡಿಯೊಳಗಿದ್ದರೆ, ಎರಡು ಗಾಣಕ್ಕೆ ಬೇಕಾದ ಬೀಜ ಕೊಳ್ಳುವ ಹಣ ಸಾಲವಿಲ್ಲದೆ ಕೈಯಲ್ಲಿದ್ದರೆ ಆಗ ಯೋಚಿಸಿ. ಅದಕ್ಕೆ ಮುಂಚೆ ಅದೇ ಗಾಣದಲ್ಲಿ ಇನ್ನೊಂದು ಕಾಳು ಸೇರಿಸಿ. ಎಳ್ಳಿನಲ್ಲಿ ಎಣ್ಣೆಯ ಅಂಶ 45ರಿಂದ 50%, ಒಣ ಕೊಬ್ಬರಿಯಲ್ಲಿ 60% ಮೇಲೆ. ಗಾಣದಲ್ಲಿ ತೆಗೆದಾಗ ಅದರಲ್ಲಿ ಸ್ವಲ್ಪ ಹಿಂಡಿಯಲ್ಲೇ ಉಳಿಯುತ್ತದೆ, ಅಂದಾಜು ಮಾಡದೆ ನೀವೇ ಒಂದು ಒಬ್ಬೆ ತೂಗಿ ನೋಡಿ. ಕಾಳು ಬದಲಿಸುವ ದಿನ ವಾರದ ಕೊನೆಗಿರಲಿ, ಒರಳು ತೊಳೆದು ಒಣಗಲು ರಜೆಯ ದಿನ ಸಿಗುತ್ತದೆ.

ಹುಬ್ಬಳ್ಳಿ_ಎಣ್ಣಿ

ಎರಡನೇ ಗಾಣಕ್ಕಿಂತ ಮೊದಲ ಎರಡನೇ ಮನಷ್ಯಾನ್ನ ತಯಾರ ಮಾಡ್ರಿ. ನಿಮಗ ಜ್ವರ ಬಂದ ದಿನ ಗಾಣ ನಿಂತ್ರ ಅದು ಇನ್ನೂ ವ್ಯಾಪಾರ ಆಗಿಲ್ಲ ಅಂತ ಅರ್ಥ. ನೀರು ಎಷ್ಟು, ಹೊತ್ತು ಎಷ್ಟು, ಹಿಂಡಿ ಹೆಂಗ ನೋಡಬೇಕು, ಎಲ್ಲಾ ಕಲಿಸಿ, ನೀವು ಬಾಜೂಕ ನಿಂತು ಹತ್ತು ಒಬ್ಬಿ ಅವ್ರ ಕೈಯಿಂದನ ತಗಸ್ರಿ. ಇಳುವರಿ ನಿಮ್ಮಷ್ಟ ಬಂದ್ರ ದಿನಗೂಲಿ ಮ್ಯಾಲೆ ಒಬ್ಬಿಗೆ 10 ರೂಪಾಯಿ ಹೆಚ್ಚ ಕೊಡ್ರಿ. ಇಳುವರಿ ಬಿದ್ದ ದಿನ ಅವ್ರ ಬಂದು ನಿಮಗ ಹೇಳ್ತಾರ.

ಹೊಸಗಾಣ_ತುಮಕೂರು

ಬರೆದುಕೊಂಡೆ. ಗಾಣ ಬರುವ ಮುಂಚೆ ಮನೆಯವರ ಜೊತೆ ಕೂತು ಗಡಿ ಬರೆಯುತ್ತೇವೆ, ನಾಳೆ ಆರ್‌ಸೆಟಿಗೆ ಫೋನ್ ಮಾಡುತ್ತೇನೆ. ತುಮಕೂರು, ಶಿರಾ ಕಡೆ ಕೂಡಿಟ್ಟ ಒಣ ಕಾಯಿ ನೇರ ರೈತರಿಂದ ಸಿಗುವುದಾದರೆ ಇಲ್ಲೇ ತಿಳಿಸಿ, ಮಾದರಿಗೆ 30 ಕೆಜಿ ಬೇಕು.